ಪ್ರೇಕ್ಷಕನೂ ಶ್ರಾವಕನೂ

ವರ್ಷಾಯೋಗದ ಆರಂಭದಲ್ಲಿ ಇಲ್ಲವೆ ದಶಲಕ್ಷಣ ಪರ್ವದ ಮೊದಲ ದಿನ ಮುನಿಗಳ, ಆರ್ಯಿಕೆಯರ ಸನ್ನಿಧಿಯಲ್ಲಿ ಶ್ರಾವಕ-ಶ್ರಾವಿಕೆಯರು ಸ್ವೀಕರಿಸುವ ನಿಯಮಗಳ ಸಾಲಿಗೆ ಕಳೆದ ಮೂರು-ನಾಲ್ಕು ದಶಕಗಳಲ್ಲಿ ಹೊಸದೊಂದು ಬಂದು ಸೇರಿದೆ. ಕಂದಮೂಲ, ರಾತ್ರಿಭೋಜನ, ಅಂಗಡಿಯ ತಿಂಡಿ ಮುಂತಾದವುಗಳ ಜೊತೆಗೆ ದೂರದರ್ಶನವೂ ತ್ಯಾಜ್ಯವಸ್ತುಗಳ ಪಟ್ಟಿಯಲ್ಲಿ ಕಾಣಿಸಿಕೊಂಡಿದೆ. ನಿಯಮವನ್ನು ಕೊಡುವವರು ಸಾಮಾನ್ಯವಾಗಿ ಇನ್ನೊಂದು ಮಾತನ್ನು ಕೂಡಿಸಿಯೇ ಕೊಡುತ್ತಾರೆ: ಟಿವಿ ಬಿಡಬೇಕು, ಆ ವೇಳೆಯಲ್ಲಿ ಸ್ವಾಧ್ಯಾಯ ಮಾಡಬೇಕು. ಮಾತಿನ ಮೊದಲ ಅರ್ಧ ಸುಲಭವಾಗಿ ನೆರವೇರುತ್ತದೆ. ಗುಂಡಿಯೊಂದನ್ನು ಒತ್ತಿದರೆ ಸಾಕು. ಎರಡನೆಯ ಅರ್ಧ ಬಹಳಷ್ಟು ಮನೆಗಳಲ್ಲಿ ಮಾತಾಗಿಯೇ ಉಳಿಯುತ್ತದೆ. ಈ ಎರಡರ ನಡುವಣ ಅಂತರ ಇಷ್ಟು ದೊಡ್ಡದಾಗಲು ಕಾರಣವೇನು, ನೋಡುವುದನ್ನು ಬಿಟ್ಟು ಓದುವುದನ್ನು ಹಿಡಿದಾಗ ನಿಜವಾಗಿ ಬದಲಾಗುವುದು ಏನು ಎಂಬುದರ ವಿಚಾರ ಪ್ರವಚನಗಳಲ್ಲಿ ನಡೆದದ್ದು ಕಡಿಮೆ. ಟಿವಿ ಕೆಟ್ಟದ್ದು, ಪುಸ್ತಕ ಒಳ್ಳೆಯದು ಎಂಬಲ್ಲಿಗೆ ವಿಚಾರ ನಿಂತುಬಿಡುತ್ತದೆ. ಜೈನ ವಾಙ್ಮಯ ಅಷ್ಟು ಸರಳವಾಗಿ ಮಾತನಾಡುವುದಿಲ್ಲ.

ಸಮಂತಭದ್ರಾಚಾರ್ಯರ ರತ್ನಕರಂಡಕ ಶ್ರಾವಕಾಚಾರದಲ್ಲಿ ಈ ತ್ಯಾಗಕ್ಕೆ ಎರಡು ಸ್ಥಾನಗಳನ್ನು ಗುರುತಿಸಬಹುದು. ಮೊದಲನೆಯದು ಭೋಗೋಪಭೋಗ ಪರಿಮಾಣ ವ್ರತ. ಆಹಾರ, ವಾಹನ, ಹಾಸಿಗೆ, ತಾಂಬೂಲ, ವಸ್ತ್ರ, ಆಭರಣಗಳ ಜೊತೆಗೆ ಸಂಗೀತವನ್ನೂ ಗೀತವನ್ನೂ ಆಚಾರ್ಯರು ಅಲ್ಲಿ ಹೆಸರಿಸುತ್ತಾರೆ. ಒಂದು ದಿನ, ಒಂದು ರಾತ್ರಿ, ಒಂದು ಪಕ್ಷ, ಒಂದು ಮಾಸ, ಒಂದು ಋತು ಹೀಗೆ ಕಾಲವನ್ನು ಗೊತ್ತುಮಾಡಿಕೊಂಡು ಬಿಡುವುದು ನಿಯಮ, ಬದುಕಿರುವವರೆಗೆ ಬಿಡುವುದು ಯಮ ಎಂದು ವಿಭಾಗಿಸುತ್ತಾರೆ. ಮನರಂಜನೆಯನ್ನು ಅಳತೆಯಲ್ಲಿಡುವ ವಿಚಾರ ಹೊಸದೇನಲ್ಲ ಎಂಬುದು ಇದರಿಂದ ಸ್ಪಷ್ಟ. ಎರಡನೆಯ ಸ್ಥಾನ ಅನರ್ಥದಂಡದ್ದು. ಯಾವ ಪ್ರಯೋಜನವೂ ಇಲ್ಲದೆ ಕಟ್ಟಿಕೊಳ್ಳುವ ಪಾಪಗಳ ಐದು ಬಗೆಗಳಲ್ಲಿ ದುಃಶ್ರುತಿ ಒಂದು. ರಾಗ, ದ್ವೇಷ, ಮದ, ಕಾಮಗಳಿಂದ ಮನಸ್ಸನ್ನು ಕದಡುವ ಕಥೆ-ಶಾಸ್ತ್ರಗಳನ್ನು ಕೇಳುವುದೇ ದುಃಶ್ರುತಿ. ಇಲ್ಲಿ ಗಮನಿಸಬೇಕಾದ ಸಂಗತಿಯೊಂದಿದೆ. ಆಚಾರ್ಯರು ಎಚ್ಚರಿಸುತ್ತಿರುವುದು ಶ್ರುತಿಯ ಬಗ್ಗೆ, ಎಂದರೆ ಅಂದಿನ ಗ್ರಂಥದ ಬಗ್ಗೆ. ಅಂದು ಪರದೆ ಇರಲಿಲ್ಲ. ಓದಿ ಹೇಳುವವನಿದ್ದ, ಕೇಳುವವನಿದ್ದ. ಟಿವಿಯನ್ನು ಖಂಡಿಸಲು ದುಃಶ್ರುತಿಯನ್ನು ಉದಾಹರಿಸುವವರು, ಆ ಪದ ಪುಸ್ತಕಕ್ಕೂ ವಿನಾಯಿತಿ ಕೊಡುವುದಿಲ್ಲವೆಂಬುದನ್ನು ಮರೆಯಬಾರದು.

ಬಸವಕಲ್ಯಾಣ, ಹುಮನಾಬಾದುಗಳಂಥ ಊರುಗಳಲ್ಲಿ ಈ ಪ್ರಶ್ನೆಗೆ ಬೇರೆಯೇ ಒಂದು ತೂಕವಿದೆ. ಹೈದರಾಬಾದಿನಿಂದ ಸೋಲಾಪುರಕ್ಕೆ ಹೋಗುವ ಹೆದ್ದಾರಿಯ ಮೇಲಿನ ಈ ಸೀಮೆಯಲ್ಲಿ ಕನ್ನಡ, ಮರಾಠಿ, ಉರ್ದು, ಹಿಂದಿಗಳು ಒಂದೇ ಬೀದಿಯಲ್ಲಿ ಕೇಳಿಬರುತ್ತವೆ. ಕಲ್ಯಾಣದ ಚಾಳುಕ್ಯರ ರಾಜಧಾನಿಯಾಗಿದ್ದ ಊರಿನ ಕೋಟೆಯೊಳಗಣ ವಸ್ತುಸಂಗ್ರಹಾಲಯದಲ್ಲಿ ೧೦-೧೧ನೆಯ ಶತಮಾನದ ಜೈನ ಶಿಲ್ಪಗಳಿವೆ. ಹುಮನಾಬಾದ ತಾಲ್ಲೂಕಿನ ಜಲಸಂಗವಿಯ ದೇವಾಲಯದ ಗೋಡೆಯಲ್ಲಿ ವಿಕ್ರಮಾದಿತ್ಯನ ಪ್ರಶಸ್ತಿಯನ್ನು ಬರೆಯುತ್ತ ನಿಂತ ಶಿಲಾಬಾಲಿಕೆಯೊಬ್ಬಳಿದ್ದಾಳೆ. ನರ್ತಿಸುವ, ಕನ್ನಡಿ ನೋಡಿಕೊಳ್ಳುವ ಮದನಿಕೆಯರು ನಾಡಿನ ತುಂಬ ಇರುವಾಗ ಅಕ್ಷರ ಬರೆಯುವವಳು ಸಿಗುವುದು ಅಪರೂಪ. ಇಂಥ ನೆಲದಲ್ಲಿ ಇಂದು ಜೈನ ಮನೆಗಳ ಸಂಖ್ಯೆ ದೊಡ್ಡದಲ್ಲ. ಮನೆಗಳು ಚದುರಿದಂತೆಲ್ಲ ಸಾಯಂಕಾಲದ ಶಾಸ್ತ್ರಸಭೆಗೆ ಜನ ಕೂಡುವುದು ಕಷ್ಟವಾಗುತ್ತದೆ, ಹಳಗನ್ನಡವನ್ನು ಓದಿ ಅರ್ಥ ಹೇಳಬಲ್ಲವರು ವಿರಳವಾಗುತ್ತಾರೆ. ತೆರವಾದ ಆ ಜಾಗದಲ್ಲಿಯೇ ಟಿವಿ ಬಂದು ಕುಳಿತದ್ದು.

ಅದು ಬಂದ ಬಗೆಯನ್ನೂ ನೆನೆಯಬೇಕು. ನೆರೆಯ ಗುಲಬರ್ಗಾ ಜಿಲ್ಲೆಗೆ ದೂರದರ್ಶನ ಮೊದಲು ಕಾಲಿಟ್ಟದ್ದು ಪಾಠ ಹೇಳುವುದಕ್ಕೆ. ೧೯೭೫ರ ಆಗಸ್ಟ್ ೧ರಿಂದ ೧೯೭೬ರ ಜುಲೈ ೩೧ರವರೆಗೆ ಆರು ರಾಜ್ಯಗಳ ಸುಮಾರು ೨೪೦೦ ಹಳ್ಳಿಗಳಲ್ಲಿ ಉಪಗ್ರಹದ ಮೂಲಕ ನಡೆದ ಶೈಕ್ಷಣಿಕ ಪ್ರಯೋಗಕ್ಕೆ ಕರ್ನಾಟಕದಿಂದ ಬಿಜಾಪುರ, ಗುಲಬರ್ಗಾ, ರಾಯಚೂರು ಜಿಲ್ಲೆಗಳು ಸೇರಿದ್ದವು. ಬೇಸಾಯ, ಆರೋಗ್ಯ, ಮಕ್ಕಳ ಪಾಠ ಅದರ ವಿಷಯಗಳಾಗಿದ್ದವು. ಪೆಟ್ಟಿಗೆ ಊರಿಗೊಂದು, ಅದರ ಮುಂದೆ ಊರೇ ಕುಳಿತಿತ್ತು. ೧೯೮೭ರ ಜನವರಿಯಲ್ಲಿ ಆರಂಭವಾದ ‘ರಾಮಾಯಣ’ ಧಾರಾವಾಹಿಯ ಭಾನುವಾರಗಳಲ್ಲಿಯೂ ಟಿವಿಯಿರುವ ಮನೆಗೆ ಇಲ್ಲದವರು ಬಂದು ಕೂಡುತ್ತಿದ್ದರು. ಖಾಸಗಿ ವಾಹಿನಿಗಳು ಬಂದ ಮೇಲೆ, ೧೯೯೪ರಲ್ಲಿ ಉದಯ ಟಿವಿ ಕನ್ನಡದ ಧಾರಾವಾಹಿ-ಚಿತ್ರಗಳನ್ನು ಮನೆಮನೆಗೆ ತಂದ ಮೇಲೆ, ಕೂಟ ಒಡೆದು ಮನೆಯಾಯಿತು; ಮೊಬೈಲು ಬಂದು ಮನೆ ಒಡೆದು ಒಬ್ಬೊಬ್ಬರ ಅಂಗೈಯಾಯಿತು. ಆದ್ದರಿಂದ ೧೯೯೦ರ ದಶಕದಲ್ಲಿ ರೂಪುಗೊಂಡ ‘ಟಿವಿ ತ್ಯಾಗ’ ಎಂಬ ನಿಯಮದ ಅಕ್ಷರ ಇಂದು ಹಳತಾಗಿದೆ. ನಡುಮನೆಯ ಪೆಟ್ಟಿಗೆಗೆ ಬಟ್ಟೆ ಹೊದಿಸಿ, ಅದೇ ಧಾರಾವಾಹಿಯನ್ನು ಅಂಗೈಯಲ್ಲಿ ನೋಡುವವನ ನಿಯಮ ಭಂಗವಾಯಿತೇ ಇಲ್ಲವೇ ಎಂದು ಕೇಳುವ ಪ್ರಸಂಗ ಬಂದರೆ, ಆ ನಿಯಮದಲ್ಲಿ ಉಳಿದಿರುವುದು ವಸ್ತುವಿನ ಹೆಸರು ಮಾತ್ರ.

ನೋಡುವ ಕ್ರಿಯೆಯನ್ನೇ ವಿಚಾರಣೆಗೆ ಒಳಪಡಿಸಿದ ಪ್ರಸಂಗವೊಂದು ಕನ್ನಡದ ಆದಿಕಾವ್ಯದಲ್ಲಿಯೇ ಇದೆ. ಕ್ರಿ.ಶ. ೯೪೧ರಲ್ಲಿ ಪಂಪನು ರಚಿಸಿದ ಆದಿಪುರಾಣದ ನೀಲಾಂಜನೆಯ ನೃತ್ಯ ಪ್ರಸಂಗ ಪರ್ಯೂಷಣದ ಪ್ರವಚನಗಳಲ್ಲಿ ಮತ್ತೆ ಮತ್ತೆ ಬರುತ್ತದೆ. ವೃಷಭನಾಥನು ರಾಜ್ಯಭೋಗದಲ್ಲಿ ಮುಳುಗಿರುವುದನ್ನು ಕಂಡ ಇಂದ್ರ, ಆಯುಷ್ಯ ಇನ್ನು ಕೆಲವೇ ಕ್ಷಣ ಉಳಿದಿರುವ ದೇವನರ್ತಕಿ ನೀಲಾಂಜನೆಯನ್ನು ಸಭೆಯಲ್ಲಿ ನರ್ತಿಸುವಂತೆ ಮಾಡುತ್ತಾನೆ. ನೃತ್ಯದ ನಡುವೆಯೇ ಅವಳ ಆಯುಷ್ಯ ಮುಗಿದು ಮಿಂಚಿನಂತೆ ಮಾಯವಾಗುತ್ತಾಳೆ. ರಸಭಂಗವಾಗಬಾರದೆಂದು ಇಂದ್ರ ಆ ಕ್ಷಣದಲ್ಲಿಯೇ ಅವಳಂತೆಯೇ ಇರುವ ಇನ್ನೊಬ್ಬಳನ್ನು ಸೃಷ್ಟಿಸಿ ನಿಲ್ಲಿಸುತ್ತಾನೆ. ಹೆಜ್ಜೆ ತಪ್ಪುವುದಿಲ್ಲ, ತಾಳ ತಪ್ಪುವುದಿಲ್ಲ, ಸಭೆಗೆ ಏನೂ ತಿಳಿಯುವುದಿಲ್ಲ. ತಿಳಿದವನು ಒಬ್ಬನೇ. ಅವಧಿಜ್ಞಾನಿಯಾದ ವೃಷಭನಾಥ ಆ ಮರಣವನ್ನು ಕಂಡು ವಿರಕ್ತನಾಗುತ್ತಾನೆ. ಮಥುರೆಯ ಕಂಕಾಲಿ ಟೀಲಾದಲ್ಲಿ ದೊರೆತು ಲಖನೌ ವಸ್ತುಸಂಗ್ರಹಾಲಯದಲ್ಲಿರುವ ಶಿಲಾಫಲಕವೊಂದರಲ್ಲಿ ವಿದ್ವಾಂಸರು ಇದೇ ಪ್ರಸಂಗವನ್ನು ಗುರುತಿಸಿದ್ದಾರೆ. ಪಂಪನಿಗೂ ಅವನ ಆಕರವಾದ ಜಿನಸೇನಾಚಾರ್ಯರಿಗೂ ಶತಮಾನಗಳ ಮೊದಲೇ ಇದು ಜೈನರ ಕಣ್ಣಿನಲ್ಲಿ ನೆಲೆಸಿದ್ದ ಚಿತ್ರ.

ಪ್ರವಚನಕಾರರು ಈ ಕಥೆಯಿಂದ ತೆಗೆಯುವ ನೀತಿ ಎರಡು: ಸಂಸಾರ ಅನಿತ್ಯ, ನೃತ್ಯ-ನಾಟಕಗಳು ಹೇಯ. ಮೊದಲನೆಯದರಲ್ಲಿ ಸಂಶಯವಿಲ್ಲ. ಎರಡನೆಯದನ್ನು ಪಂಪನ ಕಾವ್ಯ ಸಮರ್ಥಿಸುವುದಿಲ್ಲ. ವೃಷಭನಾಥನ ವೈರಾಗ್ಯಕ್ಕೆ ನಿಮಿತ್ತವಾದದ್ದು ಆ ನೃತ್ಯವೇ. ಅವನು ಸಭೆಯಲ್ಲಿ ಕುಳಿತು ಅದನ್ನು ನೋಡುತ್ತಿದ್ದ. ಕಣ್ಣು ಮುಚ್ಚಿಕೊಂಡಿದ್ದರೆ ಕಾಣುತ್ತಿರಲಿಲ್ಲ. ಕವಿಯೂ ಆ ನೃತ್ಯವನ್ನು ಜುಗುಪ್ಸೆಯಿಂದ ವರ್ಣಿಸಿಲ್ಲ. ಅವನ ಪ್ರತಿಭೆ ಅತ್ಯಂತ ಉಲ್ಲಾಸದಿಂದ ಹರಿದ ಸ್ಥಳಗಳಲ್ಲಿ ಅದೂ ಒಂದು. ಓದುಗನು ಮೊದಲು ಆ ಸೊಗಸಿಗೆ ಮನಸೋಲಬೇಕು, ಆಮೇಲೆ ಬೆಚ್ಚಬೇಕು. ಮನಸೋಲದವನು ಬೆಚ್ಚುವುದು ಹೇಗೆ?

ಈ ಪ್ರಸಂಗದಲ್ಲಿ ಸಭೆಗೂ ವೃಷಭನಾಥನಿಗೂ ಇರುವ ಭೇದ ನೋಡಿದ್ದರಲ್ಲಿ ಇಲ್ಲ. ಇಬ್ಬರೂ ನೋಡಿದರು. ಇಂದ್ರನು ಮುಚ್ಚಿದ ಬಿರುಕನ್ನು ಸಭೆ ಗುರುತಿಸಲಿಲ್ಲ, ವೃಷಭನಾಥ ಗುರುತಿಸಿದ. ದೂರದರ್ಶನದ ವಿಮರ್ಶೆ ಆರಂಭವಾಗಬೇಕಾದದ್ದು ಇಲ್ಲಿಂದ. ಬಿರುಕು ಕಾಣದಂತೆ ನೋಡಿಕೊಳ್ಳುವುದೇ ಆ ಮಾಧ್ಯಮದ ಮುಖ್ಯ ಕೌಶಲ. ಸಾವಿನ ಸುದ್ದಿಯ ಬೆನ್ನಿಗೆ ಸಾಬೂನಿನ ಜಾಹೀರಾತು, ಅದರ ಬೆನ್ನಿಗೆ ಅತ್ತೆ-ಸೊಸೆಯರ ಕಲಹ. ಒಂದು ಕಂತು ಮುಗಿಯುವ ಮೊದಲೇ ಮುಂದಿನದರ ತುಣುಕು. ಈಗಿನ ಮೊಬೈಲಿನಲ್ಲಿ ಒಂದು ಮುಗಿದೊಡನೆ ಇನ್ನೊಂದು ತಾನಾಗಿಯೇ ಆರಂಭವಾಗುತ್ತದೆ. ಮಾಯವಾದವಳ ಜಾಗದಲ್ಲಿ ಇನ್ನೊಬ್ಬಳನ್ನು ನಿಲ್ಲಿಸುವ ಇಂದ್ರನ ಕೆಲಸ ಅವ್ಯಾಹತವಾಗಿ ನಡೆದಿದೆ. ಇಂದ್ರನ ಉದ್ದೇಶವಾದರೂ ವೈರಾಗ್ಯವನ್ನು ಹುಟ್ಟಿಸುವುದಾಗಿತ್ತು. ವಾಹಿನಿಗಳ ಉದ್ದೇಶ ನೋಡುವವನು ಎದ್ದು ಹೋಗದಿರುವುದು.

‘ಪ್ರೇಕ್ಷಕ’ ಎಂಬ ಶಬ್ದವನ್ನೂ ‘ಅನುಪ್ರೇಕ್ಷೆ’ ಎಂಬ ಶಬ್ದವನ್ನೂ ಪಕ್ಕಪಕ್ಕದಲ್ಲಿಟ್ಟರೆ ಈ ಭೇದ ಇನ್ನಷ್ಟು ತಿಳಿಯಾಗುತ್ತದೆ. ಧಾತು ಒಂದೇ, ಉಪಸರ್ಗ ಬೇರೆ. ಎದುರಿಗಿರುವುದನ್ನು ನೋಡುವವನು ಪ್ರೇಕ್ಷಕ; ನೋಡಿದ್ದನ್ನು, ಓದಿದ್ದನ್ನು ಹಿಂಬಾಲಿಸಿ ಮರಳಿ ಮರಳಿ ನೋಡುವುದು ಅನುಪ್ರೇಕ್ಷೆ. ಅನಿತ್ಯವೇ ಮೊದಲಾದ ಹನ್ನೆರಡು ಭಾವನೆಗಳಿಗೆ ಈ ಹೆಸರಿದೆ. ತತ್ತ್ವಾರ್ಥಸೂತ್ರವು ಆರು ಅಂತರಂಗ ತಪಸ್ಸುಗಳಲ್ಲಿ ಸ್ವಾಧ್ಯಾಯವನ್ನು ಸೇರಿಸಿ, ವಾಚನೆ, ಪೃಚ್ಛನೆ, ಅನುಪ್ರೇಕ್ಷೆ, ಆಮ್ನಾಯ, ಧರ್ಮೋಪದೇಶ ಎಂದು ಅದರ ಐದು ಅಂಗಗಳನ್ನು ಹೇಳುವಾಗ ನಡುವೆ ಇರುವುದೂ ಇದೇ ಶಬ್ದ. ಓದುವುದು ಐದರಲ್ಲಿ ಒಂದು ಮಾತ್ರ. ಕೇಳಿ ತಿಳಿಯುವುದು, ಮನಸ್ಸಿನಲ್ಲಿ ತಿರುಗಿಸುವುದು, ಪಾಠವನ್ನು ಶುದ್ಧವಾಗಿ ಉಚ್ಚರಿಸುವುದು, ಇನ್ನೊಬ್ಬರಿಗೆ ಹೇಳುವುದು ಕೂಡಿದಾಗಲೇ ಅದು ಸ್ವಾಧ್ಯಾಯ. ಪುಟದ ಮೇಲೆ ಕಣ್ಣು ಹಿಂದಕ್ಕೆ ಹೋಗಬಲ್ಲದು, ನಿಲ್ಲಬಲ್ಲದು. ಬೆರಳನ್ನು ಸಾಲಿನ ಮೇಲಿಟ್ಟು ಪಕ್ಕದವರನ್ನು ಅರ್ಥ ಕೇಳಬಹುದು. ಟಿವಿಯ ಮುಂದೆ ಪ್ರಶ್ನೆ ಕೇಳುವ ಮಗುವಿಗೆ ಸಿಗುವ ಉತ್ತರ ಎಲ್ಲ ಮನೆಗಳಲ್ಲಿಯೂ ಒಂದೇ: ಸುಮ್ಮನಿರು, ಕೇಳಿಸುತ್ತಿಲ್ಲ.

ಜನ್ನನ ಯಶೋಧರ ಚರಿತೆ (ಕ್ರಿ.ಶ. ೧೨೦೯) ಇನ್ನೊಂದು ಕಡೆಯಿಂದ ಈ ವಿಚಾರವನ್ನು ಬೆಳಗುತ್ತದೆ. ತಾಯಿಯ ಮಾತಿಗೆ ಕಟ್ಟುಬಿದ್ದು ಯಶೋಧರ ಚಂಡಿಕೆಗೆ ಹಿಟ್ಟಿನ ಕೋಳಿಯನ್ನು ಬಲಿಕೊಡುತ್ತಾನೆ. ಜೀವವಿಲ್ಲದ ಹಿಟ್ಟು, ಆದರೂ ಸಂಕಲ್ಪದಿಂದ ಕತ್ತಿ ಎತ್ತಿದ ಫಲವಾಗಿ ತಾಯಿ-ಮಗ ಇಬ್ಬರೂ ತಿರ್ಯಗ್ಗತಿಯಲ್ಲಿ ಜನ್ಮ ಜನ್ಮ ತೊಳಲುತ್ತಾರೆ. ತೆರೆಯ ಮೇಲಿನ ಹೊಡೆದಾಟ-ಕೊಲೆಗಳ ಬಗ್ಗೆ ಆಕ್ಷೇಪಿಸಿದಾಗ ಬರುವ ಸಮಾಧಾನ ಈ ಹಿಟ್ಟಿನ ಕೋಳಿಯನ್ನು ನೆನಪಿಸದೆ ಇರದು: ಅಲ್ಲಿ ನಿಜವಾಗಿ ಯಾರೂ ಸಾಯುವುದಿಲ್ಲವಷ್ಟೆ! ಹಾಗೆಂದು ಎರಡನ್ನೂ ಸಮ ಮಾಡುವುದು ಅವಸರದ ತೀರ್ಮಾನವಾದೀತು. ಯಶೋಧರ ಕತ್ತಿ ಎತ್ತಿದವನು; ಟಿವಿಯ ಮುಂದಿನವನು ಕುಳಿತು ನೋಡಿದವನು. ಆದರೆ ಕೃತ, ಕಾರಿತ, ಅನುಮೋದನ ಎಂಬ ಮೂರನ್ನೂ ಆಸ್ರವದ್ವಾರಗಳೆಂದು ಎಣಿಸುವ ದರ್ಶನದಲ್ಲಿ, ತೆರೆಯ ಮೇಲೆ ಬಿದ್ದ ಏಟಿಗೆ ಹಿಗ್ಗಿದ ಮನಸ್ಸು ಪೂರ್ತಿ ಹೊರಗುಳಿಯಲಾರದು. ಹಿಂಸೆಯಲ್ಲಿ ಆನಂದಿಸುವುದು ರೌದ್ರಧ್ಯಾನದ ಮೊದಲ ಭೇದ. ಅದೇ ದೃಶ್ಯ ನೋಡಿ ಕರುಣೆಯಿಂದ ಕಣ್ಣು ತುಂಬಿಕೊಂಡವಳ ಪರಿಣಾಮ ಬೇರೆ. ಪರದೆಯ ಮೇಲಿನ ಚಿತ್ರ ಒಂದೇ ಆದರೂ ಬಂಧ ಒಂದೇ ಅಲ್ಲ. ಇದನ್ನು ಲೆಕ್ಕಿಸದೆ ಗಂಟೆಗಳನ್ನು ಮಾತ್ರ ಎಣಿಸುವ ನಿಯಮ ಸ್ಥೂಲವಾದದ್ದು.

ಜನ್ನನ ಇದೇ ಕಾವ್ಯ ಓದಿನ ಪಕ್ಷಪಾತಿಗಳಿಗೂ ಒಂದು ಎಚ್ಚರಿಕೆ ಇಟ್ಟಿದೆ. ಅಮೃತಮತಿಯ ಪತನ ಕಣ್ಣಿನಿಂದ ಆರಂಭವಾದದ್ದಲ್ಲ. ಮಾವುತನ ಹಾಡು ಕಿವಿಗೆ ಬಿತ್ತು. ಅವನ ರೂಪ ಕಾಣುವ ಮೊದಲೇ ಮನಸ್ಸು ಹೋಯಿತು. ಕಣ್ಣು ಪಾಪದ ದ್ವಾರ, ಕಿವಿ ಪುಣ್ಯದ ದ್ವಾರ ಎಂಬ ವಿಭಾಗ ನಿಲ್ಲುವುದಿಲ್ಲ. ಸ್ತ್ರೀಕಥೆ, ಭೋಜನಕಥೆ, ರಾಜಕಥೆ, ಚೋರಕಥೆ ಎಂದು ಆಚಾರ್ಯರು ಹೆಸರಿಸಿದ ವಿಕಥೆಗಳನ್ನು ಎದುರಿಗಿಟ್ಟುಕೊಂಡರೆ ಇಂದಿನ ವಾಹಿನಿಗಳ ವೇಳಾಪಟ್ಟಿಯೇ ಕಣ್ಣಮುಂದೆ ಬರುತ್ತದೆ: ಧಾರಾವಾಹಿ, ಅಡುಗೆ, ರಾಜಕೀಯ ಚರ್ಚೆ, ಅಪರಾಧ ಸುದ್ದಿ. ವಾರಪತ್ರಿಕೆಗಳ ಪುಟಗಳಲ್ಲಿ ಇದ್ದದ್ದೂ ಇವೇ. ಇನ್ನು, ಕನ್ನಡದ ಪ್ರಾಚೀನ ಗದ್ಯಕೃತಿ ವಡ್ಡಾರಾಧನೆಯ ಹತ್ತೊಂಬತ್ತು ಕಥೆಗಳಲ್ಲಿ ಒಂದು ವಿದ್ಯುಚ್ಚೋರನದು. ಕಳ್ಳನ ಕಥೆಯೇ, ಅವನ ಕೌಶಲದ ವರ್ಣನೆಯೇ. ಆದರೂ ಅದು ಚೋರಕಥೆಯಲ್ಲ, ಆರಾಧನಾಕಥೆ. ವಸ್ತುವಿನಿಂದ ವಿಕಥೆ ನಿರ್ಣಯವಾಗುವುದಿಲ್ಲ, ಕಥೆ ಕೇಳುವವನನ್ನು ಎಲ್ಲಿ ತಂದು ನಿಲ್ಲಿಸುತ್ತದೆ ಎಂಬುದರಿಂದ ಆಗುತ್ತದೆ. ಟಿವಿ ಬಿಟ್ಟು ಕೈಗೆ ಸಿಕ್ಕ ಪುಸ್ತಕ ಹಿಡಿದವನು ಬಿಟ್ಟದ್ದೇನು ಎಂಬ ಪ್ರಶ್ನೆ ಹಾಗೆಯೇ ಉಳಿಯುತ್ತದೆ.

ಜೈನ ಮನೆಗಳಿಗೇ ವಿಶಿಷ್ಟವಾದ ಸಂಗತಿಯೊಂದನ್ನು ಈ ಚರ್ಚೆಯಲ್ಲಿ ಹೇಳುವವರು ವಿರಳ. ರಾತ್ರಿಭೋಜನ ತ್ಯಾಗವನ್ನು ಪಾಲಿಸುವ ಮನೆಯಲ್ಲಿ ಸೂರ್ಯಾಸ್ತಕ್ಕೆ ಮೊದಲೇ ಊಟ ಮುಗಿದು ಪಾತ್ರೆ ತೊಳೆದಾಗಿರುತ್ತದೆ. ಮಲಗುವವರೆಗೆ ಮೂರು ಗಂಟೆಗೂ ಮಿಗಿಲಾದ ಹೊತ್ತು ತೆರವು. ಒಲೆ ಆರಿದ ಆ ದೀರ್ಘ ಸಂಜೆಯಲ್ಲಿ ಹಿಂದೆ ಸಾಮಾಯಿಕವಿತ್ತು, ಬಸದಿಯ ಆರತಿಯಿತ್ತು, ಶಾಸ್ತ್ರಸಭೆಯಿತ್ತು. ವ್ರತವೇ ಒದಗಿಸಿಕೊಟ್ಟ ಬಿಡುವನ್ನು ಟಿವಿ ಆಕ್ರಮಿಸಿತು. ಅದನ್ನು ಕಿತ್ತುಹಾಕಿ ಆ ಮೂರು ಗಂಟೆಗಳನ್ನು ಬರಿದಾಗಿ ಬಿಟ್ಟರೆ ಹತ್ತು ದಿನ ಹೇಗೋ ಕಳೆದೀತು, ನಾಲ್ಕು ತಿಂಗಳು ಕಳೆಯದು. ಸಂಕಲ್ಪದ ದೌರ್ಬಲ್ಯವೆಂದು ಗೃಹಸ್ಥರನ್ನು ದೂರುವ ಮೊದಲು ಇದನ್ನು ಯೋಚಿಸಬೇಕು.

ಇನ್ನೊಂದು ಸೂಕ್ಷ್ಮ, ನಿಯಮ ಯಾರದು, ಕಷ್ಟ ಯಾರದು ಎಂಬುದು. ಮಗ ನಿಯಮ ಸ್ವೀಕರಿಸುತ್ತಾನೆ; ಮನೆಯ ಟಿವಿ ಮುಚ್ಚುತ್ತದೆ; ಹಗಲೆಲ್ಲ ಅಂಗಡಿಯಲ್ಲಿರುವ ಅವನಿಗೆ ಹೆಚ್ಚಿನ ನಷ್ಟವೇನೂ ಇಲ್ಲ. ಕಣ್ಣಿನ ಪೊರೆ ಬಲಿತು ಅಕ್ಷರ ಕಾಣದ ತಾಯಿಗೆ ಅದೊಂದೇ ಮಾತಿನ ಸದ್ದಾಗಿತ್ತು. ಪಾರಸ್, ಜಿನವಾಣಿಯಂಥ ವಾಹಿನಿಗಳಲ್ಲಿ ಅಭಿಷೇಕ, ಪ್ರವಚನಗಳನ್ನು ಕೇಳಿ ಕೈಮುಗಿಯುವ ವೃದ್ಧೆಯರಿಗೆ, ಶ್ರವಣಬೆಳಗೊಳದ ೨೦೧೮ರ ಮಹಾಮಸ್ತಕಾಭಿಷೇಕವನ್ನು ಮಂಚದಿಂದಲೇ ಕಂಡವರಿಗೆ, ಟಿವಿ ಅನರ್ಥದಂಡವೆಂದು ಹೇಳುವ ಧೈರ್ಯ ಯಾರಿಗಿದೆ? ಇನ್ನೊಬ್ಬರ ಏಕಾಂತವನ್ನು ತೆತ್ತು ಗಳಿಸಿದ ತ್ಯಾಗವನ್ನು ಅಹಿಂಸೆಯ ತಕ್ಕಡಿಯಲ್ಲಿಯೇ ತೂಗಬೇಕಾಗುತ್ತದೆ. ಅದೇ ಮಗ ದಿನಕ್ಕೆ ಅರ್ಧ ಗಂಟೆ ತಾಯಿಯ ಪಕ್ಕದಲ್ಲಿ ಕುಳಿತು ಸುಕುಮಾರಸ್ವಾಮಿಯ ಕಥೆಯನ್ನು ಗಟ್ಟಿಯಾಗಿ ಓದಿದರೆ, ಸ್ವಾಧ್ಯಾಯ, ವೈಯಾವೃತ್ಯ ಎಂಬ ಎರಡು ಅಂತರಂಗ ತಪಸ್ಸುಗಳು ಒಂದೇ ಚಾಪೆಯ ಮೇಲೆ ನಡೆದಂತಾಗುತ್ತದೆ. ಗೃಹಸ್ಥ ಜೈನನಿಗೆ ಪರಂಪರೆ ಇಟ್ಟ ಹೆಸರಿನ ಅರ್ಥವೇ ಕೇಳುವವನು ಎಂದು. ಒಬ್ಬನೇ ಮೂಲೆಯಲ್ಲಿ ಮೌನವಾಗಿ ಓದುವುದು ಅಚ್ಚಿನ ಯುಗದ ಅಭ್ಯಾಸ. ಒಬ್ಬ ಓದಿ ಹತ್ತು ಮಂದಿ ಕೇಳುವುದು ಶ್ರಾವಕನ ಅಭ್ಯಾಸ.

ಮಹಾರಾಷ್ಟ್ರದ ಸಾಂಗಲಿ ಜಿಲ್ಲೆಯ ಮೋಹಿತ್ಯಾಂಚೆ ವಡಗಾಂವದಲ್ಲಿ ೨೦೨೨ರ ಆಗಸ್ಟಿನಲ್ಲಿ ಗ್ರಾಮಸ್ಥರು ಕೂಡಿ ನಿರ್ಧರಿಸಿದ ಕ್ರಮ ಈ ದೃಷ್ಟಿಯಿಂದ ಪರಿಶೀಲನಾರ್ಹ. ಸಂಜೆ ಏಳಕ್ಕೆ ದೇವಸ್ಥಾನದಿಂದ ಸೈರನ್ ಮೊಳಗಿದೊಡನೆ ಊರಿನ ಟಿವಿ, ಮೊಬೈಲುಗಳೆಲ್ಲ ಬಂದ್. ಎಂಟೂವರೆಗೆ ಮತ್ತೆ ತೆರೆಯಬಹುದು. ನಡುವೆ ಮಕ್ಕಳು ಓದುತ್ತಾರೆ, ಹಿರಿಯರು ಮಾತನಾಡುತ್ತಾರೆ. ಬೆಳಗಾವಿ ಸಮೀಪದ ಹಲಗಾ ಗ್ರಾಮವೂ ೨೦೨೪ರ ಡಿಸೆಂಬರಿನಲ್ಲಿ ಇಂಥದೇ ಕ್ರಮವನ್ನು ಕೈಗೊಂಡಿತು. ಇದು ಧಾರ್ಮಿಕ ವ್ರತವಲ್ಲದಿದ್ದರೂ ಸಮಂತಭದ್ರರು ಹೇಳಿದ ನಿಯಮದ ಲಕ್ಷಣ ಇದರಲ್ಲಿ ಪೂರ್ತಿ ಇದೆ: ಕಾಲಕ್ಕೆ ಗಡಿಯಿದೆ, ಪಾಲಿಸಬಹುದಾದ ಅಳತೆಯಿದೆ. ಮೇಲಾಗಿ ಒಬ್ಬೊಬ್ಬನ ಮನೋಬಲದ ಮೇಲೆ ಭಾರ ಹಾಕದೆ ಊರೇ ಅದನ್ನು ಹೊತ್ತಿದೆ. ಪಕ್ಕದ ಮನೆಯ ಟಿವಿಯ ಸದ್ದು ಕೇಳುತ್ತಿರುವಾಗ ಮಗುವಿನ ಕೈಗೆ ಪುಸ್ತಕ ಕೊಡುವುದು ವ್ಯರ್ಥವೆಂಬುದನ್ನು ಆ ಹಳ್ಳಿಗಳು ಅರಿತುಕೊಂಡವು. ಬಸವಕಲ್ಯಾಣ, ಹುಮನಾಬಾದಿನಲ್ಲಿ ಹತ್ತಾರು ಜೈನ ಮನೆಗಳಿಗಾಗಿ ಊರಿಗೆ ಸೈರನ್ ಹಾಕಿಸಲಾಗದು. ಬಸದಿಯ ಸಂಜೆಯ ಗಂಟೆ ಆ ಕೆಲಸ ಮಾಡಬಹುದು.

ಇಲ್ಲಿ ಪ್ರಶ್ನೆ ಮನೆಗಳಿಂದ ಟ್ರಸ್ಟುಗಳ ಕಡೆಗೆ ತಿರುಗುತ್ತದೆ. ಚತುರ್ವಿಧ ದಾನಗಳಲ್ಲಿ ಶಾಸ್ತ್ರದಾನವನ್ನು ಈ ರಾಜವಂಶದ ಕಾಲದಲ್ಲಿಯೇ ನಡೆಸಿ ತೋರಿಸಿದವಳು ಅತ್ತಿಮಬ್ಬೆ. ತನ್ನ ತಂದೆ ಮಲ್ಲಪಯ್ಯನೂ ಚಿಕ್ಕಪ್ಪನೂ ಪೊನ್ನನಿಂದ ಬರೆಯಿಸಿದ್ದ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಮಾಡಿಸಿ ಹಂಚಿದಳು. ೯೯೩ರಲ್ಲಿ ರನ್ನನಿಂದ ಅಜಿತಪುರಾಣವನ್ನು ಬರೆಯಿಸಿದಳು. ಓಲೆಗರಿಯ ಮೇಲೆ ಕಂಠದಿಂದ ಕೊರೆದ ಸಾವಿರ ಪ್ರತಿಗಳು! ಆ ಸಾವಿರ ಪ್ರತಿಗಳ ಹಿಂದೆ ಎಷ್ಟು ಲಿಪಿಕಾರರ ಎಷ್ಟು ದಿನಗಳ ದುಡಿಮೆ ಇದ್ದಿರಬೇಕೆಂದು ಊಹಿಸಬೇಕು. ಅವಳನ್ನು ಸ್ಮರಿಸುವ ಭಾಷಣಗಳಿಗೆ ಕೊರತೆಯಿಲ್ಲ. ಆದರೆ ಅವಳು ಹಂಚಿದಳು ಎಂಬ ಕ್ರಿಯಾಪದದ ಕಡೆಗೆ ಗಮನ ಕಡಿಮೆ. ಜ್ಯೇಷ್ಠ ಶುದ್ಧ ಪಂಚಮಿಯಂದು, ಷಟ್ಖಂಡಾಗಮ ಲಿಪಿಬದ್ಧವಾದದ್ದರ ಸ್ಮರಣೆಗಾಗಿ ನಡೆಯುವ ಶ್ರುತಪಂಚಮಿಯಲ್ಲಿ, ಗಾಜಿನ ಕಪಾಟಿನಿಂದ ಗ್ರಂಥಗಳನ್ನು ಇಳಿಸಿ, ಬಟ್ಟೆ ಬದಲಿಸಿ, ಅಷ್ಟದ್ರವ್ಯಗಳಿಂದ ಅರ್ಚಿಸಿ, ಮರುದಿನ ಬೀಗ ಹಾಕುವ ಬಸದಿಗಳು ಎಷ್ಟೋ ಇವೆ. ಬಟ್ಟೆ ಬದಲಾಗಿರುತ್ತದೆ, ಒಳಗಿನ ಹಾಳೆಗಳು ಅಂಟಿಕೊಂಡೇ ಇರುತ್ತವೆ. ಧ್ವನಿವರ್ಧಕಕ್ಕೆ, ಅಮೃತಶಿಲೆಗೆ, ಸಭಾಭವನದ ದೊಡ್ಡ ಪರದೆಗೆ ಸವಾಲಿನ ಹಣ ಸಲೀಸಾಗಿ ಕೂಡುತ್ತದೆ; ಓದಿ ಅರ್ಥ ಹೇಳುವವನಿಗೆ ತಿಂಗಳಿಗೊಂದು ಗೌರವಧನ ಕೊಡುವ ಠರಾವು ಮುಂದಿನ ಸಭೆಗೆ ಹೋಗುತ್ತದೆ.

ಭಾಷೆಯ ತೊಡಕೂ ಸಣ್ಣದಲ್ಲ. ಅಜ್ಜನಿಗೆ ಮರಾಠಿ ಹಿತ, ಮಗನಿಗೆ ಕನ್ನಡ, ಮೊಮ್ಮಗ ಇಂಗ್ಲಿಷ್ ಮಾಧ್ಯಮದವನು. ಪಂಪ-ಜನ್ನರ ಮೂಲವನ್ನು ಅವನ ಮುಂದಿಟ್ಟರೆ ಅವನು ಮೊಬೈಲಿಗೆ ಮರಳುವುದು ಸಹಜ. ವಡ್ಡಾರಾಧನೆಯ ಕಥೆಗಳು ಹೊಸಗನ್ನಡದಲ್ಲಿ ದೊರೆಯುತ್ತವೆ. ಹೆದ್ದಾರಿಯ ಇನ್ನೊಂದು ತುದಿಯ ಸೋಲಾಪುರದ ಜೀವರಾಜ ಜೈನ ಗ್ರಂಥಮಾಲೆ ಪ್ರಾಕೃತ-ಸಂಸ್ಕೃತ ಗ್ರಂಥಗಳನ್ನು ಅನುವಾದದೊಡನೆ ಪ್ರಕಟಿಸಿ ಹಲವು ದಶಕಗಳಾದವು. ಸದಲಗಾದ ಆ. ನೇ. ಉಪಾಧ್ಯೆಯವರಂಥ ವಿದ್ವಾಂಸರ ಶ್ರಮ ಅದರಲ್ಲಿದೆ. ಪುಸ್ತಕದ ಅಭಾವ ಇಲ್ಲಿನ ಅಡ್ಡಿಯಲ್ಲ. ಮಕ್ಕಳಿಗೆ ಓದಿ ಹೇಳುವ ಕಂಠಗಳದೇ ಅಭಾವ, ಮತ್ತು ಆ ಕಪಾಟಿನ ಬೀಗದ ಕೈ ಒಬ್ಬರ ಬಳಿಯೇ ಇರುತ್ತದೆಂಬುದು.

ದೀಪಾವಳಿಯ ವೀರನಿರ್ವಾಣದ ವೇಳೆಗೆ ವರ್ಷಾಯೋಗ ಮುಗಿಯುತ್ತದೆ. ನಿಯಮದ ಅವಧಿಯೂ ಮುಗಿದು ಮನೆಗಳಲ್ಲಿ ಟಿವಿಯ ಹೊದಿಕೆ ತೆಗೆಯಲಾಗುತ್ತದೆ. ಅದರಲ್ಲಿ ದೋಷವಿಲ್ಲ, ಅದು ಯಮವಾಗಿರಲಿಲ್ಲ. ಆ ದಿನ ಬಸದಿಯ ಆಡಳಿತ ಮಂಡಳಿ ತನ್ನ ಎರವಲು ವಹಿಯನ್ನು ತೆರೆದು ನೋಡಬಹುದು: ನಾಲ್ಕು ತಿಂಗಳಲ್ಲಿ ಎಷ್ಟು ಪುಸ್ತಕಗಳು ಕಪಾಟಿನಿಂದ ಹೊರಗೆ ಹೋದವು, ಎಷ್ಟು ಮರಳಿ ಬಂದವು, ಮರಳಿ ಬಂದವುಗಳಲ್ಲಿ ಗುರುತಿನ ಚೀಟಿ ಎಷ್ಟನೆಯ ಪುಟದಲ್ಲಿದೆ. ಅಂಥ ವಹಿಯೇ ಇಲ್ಲದ ಕಡೆ ಅದನ್ನು ಹೊಲಿಯಿಸಲು ಒಂದು ದಸ್ತು ಕಾಗದ ಸಾಕು.